ಮಲಗಿ ನೋಡಿ ಕೊಂಡ ನೀರಿನ ಬ್ಯಾಗು

ಲೋಕದಲ್ಲಿ ನಿದ್ದೆಗೆಟ್ಟು ದುಡಿಯುವವರು ಬೇಕಾದಷ್ಟು ಜನ ಇದ್ದಾರೆ. ನಿದ್ದೆಯ ಹೊಸ್ತಿಲವರೆಗೆ ಹೋಗಿ, ಒಳಗೆ ಕಾಲಿಡದೆ ಹಿಂದಿರುಗಿ, ಅದಕ್ಕೆ ಸಂಬಳ ಪಡೆಯುವವರು ಮಾತ್ರ ಅಪರೂಪ. ನಮ್ಮ ಪರೀಕ್ಷಕರು ಅಂಥವರು. ಹಾಸಿಗೆ ಕಾರ್ಖಾನೆಯಲ್ಲಿ ಅವರ ಕೆಲಸ ಮಲಗುವುದು. ಹೊಸ ಹಾಸಿಗೆ ತಯಾರಾದೊಡನೆ ಬೂಟು ಕಳಚಿ, ಅಂಗಾತ ಮಲಗಿ, ಕಣ್ಣು ಮುಚ್ಚಿ, ಹಾಸಿಗೆ ಹೇಳುವುದನ್ನು ಬೆನ್ನಿನಿಂದ ಕೇಳಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಸುತ್ತಮುತ್ತ ಯಾರೂ ಮಾತಾಡಕೂಡದು. ಯಾರಾದರೂ ಬಾಯಿ ತೆರೆದರೆ ಪರೀಕ್ಷಕರು ಕಣ್ಣು ಬಿಡದೆಯೇ ಬಲಗೈಯ ತೋರುಬೆರಳನ್ನು ಸೂರಿನ ಕಡೆಗೆ ಎತ್ತುತ್ತಿದ್ದರು. ಆ ಬೆರಳು ಎದ್ದಿತೆಂದರೆ ಮ್ಯಾನೇಜರು ಕೂಡ ತುಟಿ ಬಿಗಿಯುವುದು ಕಾರ್ಖಾನೆಯ ಪದ್ಧತಿ. ಬೆರಳು ಇಳಿದ ಮೇಲೆ 'ಪಾಸು' ಅಥವಾ 'ಫೇಲು' ಎಂಬ ಒಂದೇ ಮಾತು. ಬೇರೆಯವರು ಉದ್ಯೋಗದಲ್ಲಿ ಮೇಲೇಳಲು ಹೆಣಗುತ್ತಿದ್ದರೆ, ಇವರು ಸುಮ್ಮನೆ ಮೇಲೆದ್ದರೂ 'ಯಾಕ್ರೀ ಎದ್ರಿ' ಎಂದು ಕೇಳುವವರಿದ್ದರು.

ಈ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಹೆಂಡತಿಯ ತವರಿನವರಿಗಂತೂ ತಿಳಿಯಲೇ ಇಲ್ಲ. ಅವರು ಇವರಿಗೆ ಇಟ್ಟ ಹೆಸರು 'ಮಲಗೋ ಭಾವ'. ಮನೆಗೆ ಬಂದ ಹೊಸಬರಿಗೆ ಪರಿಚಯ ಮಾಡಿಕೊಡುವಾಗಲೂ "ಇವರು ನಮ್ಮ ಭಾವ, ಮಲಗೋದರಲ್ಲಿ ಮುಂದೆ ಬಂದವರು" ಎಂದೇ ಶುರು. ಎದ್ದು ನಿಂತ ಭಂಗಿಯಲ್ಲಿ ಒಂದಾದರೂ ಸಾಹಸ ಮಾಡಿ ಈ ಹೆಸರನ್ನು ಅಳಿಸಬೇಕು ಎಂಬ ಆಸೆ ಅವರ ಹೊಟ್ಟೆಯಲ್ಲಿ ಬಹಳ ಕಾಲದಿಂದ ಸುರುಳಿ ಸುತ್ತಿ ಕೂತಿತ್ತು.

ಒಂದು ರಜೆಯ ಮಧ್ಯಾಹ್ನ ಮಾವನ ಮನೆಯಲ್ಲಿ ಊಟ ಮುಗಿಸಿ ಗಂಡಸರೆಲ್ಲ ಹಜಾರದಲ್ಲಿ ಕೂತಿದ್ದರು. ಹೆಂಡತಿ ಒಳಗೆ ತಾಯಿಯ ಜೊತೆ ಮಾತಿಗೆ ಇಳಿದಿದ್ದಳು. ಭಾಮೈದ ತನ್ನ ಗುಡ್ಡದ ಸೈಕಲ್ ಸವಾರಿಯ ಕಥೆ ತೆಗೆದ.

"ಹತ್ತೋವಾಗ ಎದೆ ಬಾಯಿಗೆ ಬರತ್ತೆ. ಇಳಿಯೋವಾಗ ಬಾಯಿ ಎದೆಗೆ ಬರತ್ತೆ. ಅದರ ಮಜಾನೇ ಬೇರೆ."

"ನಮ್ಮ ಅಳಿಯಂದ್ರನ್ನೂ ಕರ್ಕೊಂಡು ಹೋಗೋ," ಎಂದರು ಮಾವ, ಹಲ್ಲುಸಂದಿ ಕೆದಕುತ್ತ. "ಸೈಕಲ್ಲಿಗೊಂದು ದಿಂಬು ಕಟ್ಟಿದ್ರೆ ಆಯ್ತು."

ಹಜಾರ ನಕ್ಕಿತು. ಪರೀಕ್ಷಕರಿಗೆ ಮೈ ಉರಿಯಿತು. ಅದೃಷ್ಟವೋ ದುರದೃಷ್ಟವೋ, ಆ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಅವರು ಹಳೆಯ ಪತ್ರಿಕೆಯೊಂದರಲ್ಲಿ ಅರ್ಧ ಲೇಖನ ಓದಿದ್ದರು. ಉಳಿದರ್ಧವನ್ನು ಕ್ಷೌರಿಕ ಕತ್ತಿ ಒರೆಸಲು ಹರಿದುಕೊಂಡಿದ್ದ. ಮನುಷ್ಯನಿಗೆ ಪೂರ್ತಿ ತಿಳಿದಿದ್ದರೆ ಸಂಕೋಚವಾಗುತ್ತದೆ, ಏನೂ ತಿಳಿಯದಿದ್ದರೆ ಭಯವಾಗುತ್ತದೆ; ಅರ್ಧ ತಿಳಿದಿದ್ದಾಗ ಬರುವ ಧೈರ್ಯಕ್ಕೆ ಸಾಟಿಯಿಲ್ಲ.

"ಸೈಕಲ್ ಬಿಡೋ, ಅದು ಯಾವುದಾದ್ರೂ ನಡಿಯತ್ತೆ," ಎಂದರು ಪರೀಕ್ಷಕರು. "ಗುಡ್ಡದಲ್ಲಿ ಮನುಷ್ಯನ್ನ ಕಾಪಾಡೋದು ಬೆನ್ನ ಮೇಲಿನ ನೀರಿನ ಬ್ಯಾಗು. ಒಳಗೆ ಮೆತ್ತನೆ ನೀರಿನ ಚೀಲ, ಅದರಿಂದ ಹೆಗಲ ಮೇಲೆ ಹಾದು ಬರೋ ಪೈಪು, ಪೈಪಿನ ತುದಿಗೆ ಕಚ್ಚಿ ಹೀರೋ ಮೂತಿ. ಹ್ಯಾಂಡಲ್ ಬಿಡೋ ಹಾಗಿಲ್ಲ, ನಿಲ್ಲೋ ಹಾಗಿಲ್ಲ. ಆರಾಮಾಗಿರಬೇಕು, ಬಾಳಿಕೇನೂ ಬರಬೇಕು. ಅದನ್ನ ಆರಿಸೋದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ. ಆರಿಸೋವಾಗ ನೆನಪಿಡಬೇಕಾದ ಅತಿ ಮುಖ್ಯ ವಿಷಯ ಅಂದ್ರೆ…"

ಇಲ್ಲಿಗೆ ಪುಟ ಹರಿದಿತ್ತು.

"ಅಂದ್ರೆ?" ಎಂದ ಭಾಮೈದ.

"ಅದು ಅನುಭವದಿಂದ ಬರಬೇಕು," ಎಂದರು ಪರೀಕ್ಷಕರು.

"ಹಾಗಾದ್ರೆ ಬರೋ ಭಾನುವಾರ ಬಂದ್ಬಿಡಿ ಭಾವ. ಸೈಕಲ್ ನಂದು, ಬ್ಯಾಗ್ ನಿಮ್ದು."

"ಬರ್ತೀನಿ," ಎಂದುಬಿಟ್ಟರು. ಹಜಾರ ಮತ್ತೆ ನಕ್ಕಿತು. ಈ ಸಲ ಸ್ವಲ್ಪ ಕಡಿಮೆ ನಕ್ಕಿತೆಂದು ಅವರಿಗೆ ಅನ್ನಿಸಿತು.

ಮರುದಿನ ಸಂಜೆ ಕಾರ್ಖಾನೆಯಿಂದ ನೇರವಾಗಿ ಪೇಟೆಯ ಸೈಕಲ್ ಅಂಗಡಿಗೆ ಹೋದರು. ರಸ್ತೆಯ ಕಡೆಗೆ ಪೂರ್ತಿ ಗಾಜು ಹಾಕಿದ ಅಂಗಡಿ. ಅಂಗಡಿಯವನದು ತಲೆ ಬೋಳು, ಮೀನಖಂಡ ಮಾತ್ರ ಕಬ್ಬಿಣ. ಮಾತಾಡಿದರೆ ಜಾಹೀರಾತು ಓದಿದಂತೆ.

"ಸಾರ್, ಇದು ಬ್ಯಾಗಲ್ಲ ಸಾರ್, ಅನುಭವ. ಗಾಳಿಗಿಂತ ಹಗುರ. ಹಾಕ್ಕೊಂಡ್ರೆ ಹಾಕ್ಕೊಂಡ ಹಾಗೇ ಇರಲ್ಲ."

"ಹಾಕ್ಕೊಳ್ಳದೇ ಇದ್ರೂ ಹಾಕ್ಕೊಂಡ ಹಾಗಿರಲ್ಲ," ಎಂದು ಪರೀಕ್ಷಕರು ಬೆನ್ನಿನ ಸ್ಪಂಜಿಗೆ ಹೆಬ್ಬೆರಳು ಒತ್ತಿದರು. ಒತ್ತಿದ ಗುಳಿ ಮೇಲೇಳಲಿಲ್ಲ. "ಫೇಲು."

ಎರಡನೆಯದಕ್ಕೆ ಮೈಯೆಲ್ಲ ಜೇಬು. ಜಿಪ್ ಎಳೆದರೆ ಅರ್ಧ ದಾರಿಯಲ್ಲಿ ಬಟ್ಟೆಯನ್ನು ಕಚ್ಚಿಕೊಂಡು ನಿಂತಿತು. ಫೇಲು. ಮೂರನೆಯದರ ಬಣ್ಣಕ್ಕೆ ಮನಸ್ಸು ಸೋತಿತು. ಆದರೆ ಹೆಗಲ ಪಟ್ಟಿಯ ಬುಡ ತಿರುಗಿಸಿ ನೋಡಿದರೆ ಒಂಟಿ ಹೊಲಿಗೆ. "ನನ್ನ ಹೆಂಡತಿ ಪರದೆ ಹೊಲೀತಾಳೆ. ಭಾರ ಬೀಳೋ ಕಡೆ ಎರಡು ಸಲ ಸೂಜಿ ಓಡದೇ ಇದ್ರೆ ಅದು ಹೊಲಿಗೆ ಅಲ್ಲ, ಹರಕೆ ಅಂತಾಳೆ," ಎಂದರು. ನಾಲ್ಕನೆಯದು ಮಣ್ಣಿನ ಬಣ್ಣದ್ದು, ನೋಡಲು ಸಪ್ಪೆ. ಪಟ್ಟಿಯ ಬುಡದಲ್ಲಿ ಜೋಡಿ ಹೊಲಿಗೆ, ಬೆನ್ನಿಗೆ ಗಾಳಿಯಾಡುವ ಜಾಲರಿ, ಒತ್ತಿದರೆ ತಟ್ಟನೆ ಮೇಲೇಳುವ ಸ್ಪಂಜು, ಒಳಗಿನ ಚೀಲಕ್ಕೆ ಕೈ ಹಾಕಿ ತೊಳೆಯುವಷ್ಟು ಅಗಲ ಬಾಯಿ.

"ಇದರಲ್ಲಿ ದೊಡ್ಡ ಸೈಜೂ ಇದೆ ಸಾರ್. ನೀರು ಇದರ ಎರಡರಷ್ಟು ಹಿಡಿಯತ್ತೆ."

ಪರೀಕ್ಷಕರು ಯೋಚಿಸಿದರು. ಸ್ವಂತ ಸೈಕಲ್ಲೇ ಇಲ್ಲದವನು ಸೈಕಲ್ಲಿನ ಬ್ಯಾಗು ಕೊಂಡೆ ಎಂದು ಹೆಂಡತಿಯ ಎದುರು ಹೇಳುವುದು ಗುಡ್ಡ ಹತ್ತುವುದಕ್ಕಿಂತ ಕಡಿದು. ಕೋಟಿನೊಳಗೆ ಅಡಗುವಂಥದ್ದೇ ಬೇಕು. "ಚಿಕ್ಕದೇ ಸಾಕು. ಎಲ್ಲಿ, ನೀರು ತುಂಬಿಕೊಡಿ. ಪರೀಕ್ಷೆ ಮಾಡ್ತೀನಿ," ಎಂದು ಬೂಟು ಕಳಚಿ, ಬ್ಯಾಗು ಬೆನ್ನಿಗೇರಿಸಿ, ಅಂಗಡಿಯ ನಟ್ಟನಡುವೆ ಅಂಗಾತ ಮಲಗಿದರು.

ಅಂಗಡಿಯವನ ಜಾಹೀರಾತು ನಿಂತುಹೋಯಿತು. "ಸಾರ್, ಇದನ್ನ ಹಾಕ್ಕೊಂಡು ಸೈಕಲ್ ಹೊಡೀತಾರೆ. ಮಲಗಲ್ಲ."

"ಬೆನ್ನಿಗೆ ತಾನೇ ಹಾಕೋದು? ಬೆನ್ನಿನ ಮಾತು ಮಲಗಿದ್ರೇ ಕೇಳೋದು."

ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು. ಬಕಲ್ ಚುಚ್ಚಲಿಲ್ಲ. ನೀರು ಸೋರಲಿಲ್ಲ. "ಈಗ ಒಳಗಿನ ಚೀಲ ಈಚೆ ತೆಗೆದು ಎತ್ತಿ ಹಿಡೀರಿ, ಮೂತಿ ಹೇಗೆ ಹರಿಯತ್ತೆ ನೋಡೋಣ," ಎಂದು ಪೈಪನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಂಗಡಿಯವನು ನೀರಿನ ಚೀಲವನ್ನು ತಲೆಯೆತ್ತರಕ್ಕೆ ಹಿಡಿದು, "ಸಾರ್, ಬಿಲ್ಲು" ಎಂದು ಶುರುಮಾಡಿದ. ಪರೀಕ್ಷಕರ ಬೆರಳು ಮೇಲೆದ್ದಿತು. ಯಾಕೋ ಏನೋ, ಅವನೂ ಬಾಯಿ ಮುಚ್ಚಿ ಗಂಭೀರವಾಗಿ ನಿಂತ.

ಸರಿಯಾಗಿ ಆಗ ಗಾಜಿನ ಆಚೆ, ತರಕಾರಿ ಚೀಲ ಹಿಡಿದು, ಎದುರು ಮನೆಯ ನಿವೃತ್ತ ಕಂಪೌಂಡರು ನಡೆದು ಬರುತ್ತಿದ್ದರು. ಅರ್ಧ ಆಯುಷ್ಯವನ್ನು ಆಸ್ಪತ್ರೆಯಲ್ಲಿ ಕಳೆದವರು. ನಿವೃತ್ತಿಯ ನಂತರ ರೋಗಿಗಳಿಲ್ಲದೆ ಬಡವಾಗಿದ್ದವರು. ಗಾಜಿನೊಳಗೆ ಅವರು ಕಂಡದ್ದು ಇಷ್ಟು: ನೆಲದ ಮೇಲೆ ಬೂಟಿಲ್ಲದ ಪರೀಕ್ಷಕರು; ಕಣ್ಣು ಮುಚ್ಚಿದೆ; ಪಕ್ಕದಲ್ಲಿ ಒಬ್ಬ ಬೋಳುತಲೆಯವನು ಚೀಲ ಎತ್ತಿ ಹಿಡಿದು ಮೌನವಾಗಿ ನಿಂತಿದ್ದಾನೆ; ಚೀಲದಿಂದ ಪೈಪು ಬಾಯಿಗೆ ಇಳಿದಿದೆ; ರೋಗಿಯ ಬೆರಳು ಆಕಾಶ ತೋರಿಸುತ್ತಿದೆ.

ಕಂಪೌಂಡರು ತರಕಾರಿ ಮರೆತು ನೇರವಾಗಿ ಪರೀಕ್ಷಕರ ಮನೆಗೆ ನಡೆದರು. ಅಲ್ಲಿ ನಡೆದ ಮಾತು ಪರೀಕ್ಷಕರಿಗೆ ತಿಳಿದದ್ದು ಬಹಳ ತಡವಾಗಿ. ನಾವು ಈಗಲೇ ತಿಳಿದುಕೊಂಡರೆ ಯಾರಿಗೂ ನಷ್ಟವಿಲ್ಲ.

"ನೋಡಮ್ಮ, ನಾನು ಡಾಕ್ಟರಲ್ಲ. ಆದ್ರೆ ಡಾಕ್ಟರು ನನ್ನ ಕೇಳದೆ ಏನೂ ಮಾಡ್ತಿರ್ಲಿಲ್ಲ," ಎಂದರು ಕಂಪೌಂಡರು. "ನಿಮ್ಮ ಯಜಮಾನರು ಪೇಟೆಯಲ್ಲಿ ಬಿದ್ದಿದ್ರು. ಅಲ್ಲೇ ನೆಲದ ಮೇಲೆ ಪೈಪು ಹಾಕಿದ್ರು. ನಾನೇ ಕಣ್ಣಾರೆ ನೋಡ್ದೆ."

ಹೆಂಡತಿ ಪರದೆ ಹೊಲಿಯುತ್ತಿದ್ದ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು. ಮೆಷಿನ್ ತಾನೇ ನಾಲ್ಕು ಹೊಲಿಗೆ ಹಾಕಿ ನಿಂತಿತು. "ಅವರು ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ."

"ಇಂಥ ಕಾಯಿಲೆಯೋರು ಬೆಳಿಗ್ಗೆ ಚೆನ್ನಾಗೇ ಇರ್ತಾರೆ. ಅದೇ ಲಕ್ಷಣ. ಈಗ ನೋಡಿ, ಅವರಾಗಿ ಹೇಳ್ತಾರಾ ಅಂತ. ಹೇಳದೇ ಇದ್ರೆ ನಿಮ್ಮಿಂದ ಮುಚ್ಚಿಡ್ತಿದ್ದಾರೆ ಅಂತ ಅರ್ಥ. ಆಗ ನೀವೂ ಕೇಳೋಕೆ ಹೋಗ್ಬೇಡಿ. ಬೈಬೇಡಿ, ಬೇಡ ಅನ್ಬೇಡಿ. ಮನಸ್ಸಿಗೆ ಏನು ಬೇಕೋ ಮಾಡ್ಕೊಳ್ಲಿ."

ಆ ಸಂಜೆ ಪರೀಕ್ಷಕರು ಕೋಟಿನೊಳಗೆ ಬ್ಯಾಗು ಹಾಕಿಕೊಂಡು, ಕಳ್ಳಬೆಕ್ಕಿನಂತೆ ಒಳಗೆ ಬಂದರು.

"ಯಾಕ್ರೀ ತಡ?" ಎಂದಳು ಹೆಂಡತಿ. ಧ್ವನಿ ಎಂದಿನದಲ್ಲ, ಜೇನು ಬೆರೆಸಿದ್ದು.

"ಏನಿಲ್ಲ. ಸುಮ್ನೆ," ಎಂದರು ಪರೀಕ್ಷಕರು.

ಮುಚ್ಚಿಟ್ಟರು. ಅಲ್ಲಿಗೆ ಖಚಿತವಾಯಿತು.

ಅಂದಿನಿಂದ ಮನೆಯಲ್ಲಿ ಒಂದು ವಿಚಿತ್ರ ಶಾಂತಿ ನೆಲೆಸಿತು. ಪರೀಕ್ಷಕರು ಒದ್ದೆ ಟವಲ್ಲನ್ನು ಹಾಸಿಗೆಯ ಮೇಲೆ ಎಸೆದರು. ಹೆಂಡತಿ ತೆಗೆದು ಒಣಹಾಕಿದಳು. ದೀಪ ಆರಿಸಲು ಮರೆತರು, ಅವಳೇ ಆರಿಸಿದಳು. ಊಟಕ್ಕೆ ಉಪ್ಪಿಲ್ಲದ, ಎಣ್ಣೆಯಿಲ್ಲದ ಬೇಯಿಸಿದ ತರಕಾರಿ ಬಂತು. ಕ್ರೀಡಾಪಟುಗಳಿಗೆ ಹೀಗೇ ಇರುತ್ತದೆ, ದೇಹವೇ ಕೇಳಿ ತರಿಸಿಕೊಳ್ಳುತ್ತಿದೆ ಎಂದು ಅವರು ಚಪ್ಪರಿಸಿ ತಿಂದರು.

"ಭಾನುವಾರ ನಿನ್ನ ತಮ್ಮನ ಜೊತೆ ಗುಡ್ಡಕ್ಕೆ ಸೈಕಲ್ ಹೊಡೀಬೇಕು ಅಂತಿದೀನಿ," ಎಂದು ತಟ್ಟೆಯನ್ನೇ ನೋಡುತ್ತ ಹೇಳಿದರು.

ಹೆಂಡತಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. "ಹೋಗ್ಬನ್ನಿ. ನಿಮ್ಮ ಆಸೆ."

ಪರೀಕ್ಷಕರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ಬ್ಯಾಗು ಬೆನ್ನಿಗೇರಿದ್ದಕ್ಕೆ ಮನುಷ್ಯನ ಸುತ್ತ ಇಷ್ಟು ಗೌರವ ಹುಟ್ಟುತ್ತದೆಂದು ಮೊದಲೇ ಗೊತ್ತಿದ್ದರೆ ಮದುವೆಗೇ ಹಾಕಿಕೊಂಡು ಹೋಗಬಹುದಿತ್ತು.

ಬ್ಯಾಗು ಮೈಗೆ ಹೊಂದಬೇಕೆಂದು ಅದನ್ನು ಕೋಟಿನೊಳಗೆ ಹಾಕಿಕೊಂಡೇ ಓಡಾಡತೊಡಗಿದರು. ಬೆನ್ನು ಸ್ವಲ್ಪ ಗೂನಾಗಿ ಕಾಣುತ್ತಿತ್ತು. ಕಾಲರಿನ ಸಂದಿಯಿಂದ ಪೈಪಿನ ಮೂತಿ ಇಣುಕುತ್ತಿತ್ತು. ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದಾಗ ಕತ್ತು ಓರೆ ಮಾಡಿ ಒಂದು ಗುಟುಕು ಎಳೆಯುತ್ತಿದ್ದರು. ಯಾರೂ ಇಲ್ಲದ ಬೀದಿಯಲ್ಲಿ ಕಿಟಕಿಗಳಿರುತ್ತವೆ ಎಂಬುದು ಅವರಿಗೆ ಹೊಳೆಯಲಿಲ್ಲ.

"ಬೆನ್ನಲ್ಲಿ ಮಿಷನ್ ಕೂರಿಸಿದ್ದಾರೆ," ಎಂದು ಕಂಪೌಂಡರು ಬೀದಿಗೆಲ್ಲ ವಿವರಿಸಿದರು. "ನಾನು ಡಾಕ್ಟರಲ್ಲ. ಆದ್ರೆ ಪೈಪಿನ ದಪ್ಪ ನೋಡಿದ್ರೆ ನನಗೆ ಕಾಯಿಲೆಯ ದಪ್ಪ ಗೊತ್ತಾಗತ್ತೆ."

ಬೀದಿಯವರೆಲ್ಲ ಪರೀಕ್ಷಕರನ್ನು ಕಂಡರೆ ದಾರಿ ಬಿಡತೊಡಗಿದರು. ಮೂಲೆಮನೆಯ ಅಜ್ಜಿ ಕೋಲಿಗೆ ಆತುಕೊಂಡು ಎದ್ದು ನಿಂತು, "ನಿನ್ನ ಧೈರ್ಯ ಮೆಚ್ಚಬೇಕಪ್ಪ. ಇಂಥದ್ದು ಬೆನ್ನ ಮೇಲೆ ಹೊತ್ಕೊಂಡು ನಗ್ತಾ ಓಡಾಡ್ತೀಯಲ್ಲ," ಎಂದಳು.

"ಅಭ್ಯಾಸ ಆದ್ರೆ ಭಾರ ಅನ್ಸಲ್ಲ ಅಜ್ಜಿ," ಎಂದರು ಪರೀಕ್ಷಕರು ವಿನಯದಿಂದ. "ಭಾನುವಾರ ಹತ್ತಿಬಿಟ್ರೆ ಮುಗೀತು."

ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡು ಒಂದು ಸೇಬು ಕೊಟ್ಟಳು.

ಕಾರ್ಖಾನೆಯಲ್ಲಿ ಮಾತ್ರ ಗೌರವ ಅತಿಯಾಯಿತು. ವಾರದ ನಡುವೆ ಒಂದು ದಿನ ಹೋಗಿ ನೋಡಿದರೆ ಪರೀಕ್ಷಾ ಕೊಠಡಿಯ ಮಂಚದ ಮೇಲೆ ಗೊರಕೆ ಮಲಗಿದ್ದ. ಗೊರಕೆ ಎಂದರೆ ಕಿರಿಯ ಪರೀಕ್ಷಕ. ಹಾಸಿಗೆ ಮುಟ್ಟಿದೊಡನೆ ನಿಜವಾಗಿಯೇ ನಿದ್ದೆಹೋಗುವ ದೌರ್ಬಲ್ಯದವನಾದ್ದರಿಂದ ಇಷ್ಟು ದಿನ ಅವನನ್ನು ದಿಂಬಿನ ವಿಭಾಗದಲ್ಲಿ, ಅದೂ ನಿಲ್ಲಿಸಿ, ಇಟ್ಟಿದ್ದರು. ಪರೀಕ್ಷಕರಿಗೆ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿತ್ತು.

"ಕಂಪೌಂಡರು ಬಂದು ಎಲ್ಲ ಹೇಳಿದ್ರು," ಎಂದರು ಮ್ಯಾನೇಜರು, ಅವರ ಭುಜ ಸವರಿ. "ನೀವು ಏನೂ ವಿವರಿಸಬೇಕಾಗಿಲ್ಲ. ವಿಶ್ರಾಂತಿ ತಗೊಳ್ಳಿ."

"ವಿಶ್ರಾಂತಿ ಅಂದ್ರೆ ಮಲಗಬೇಕಲ್ಲ ಸಾರ್."

"ಮಲಗೋದು ನಿಮ್ಮ ಕೆಲಸ. ಕೆಲಸ ಮಾಡ್ಬೇಡಿ. ಕೂತ್ಕೊಳ್ಳಿ."

ಪರೀಕ್ಷಕರು ಕೂತರು. ಜೀವಮಾನದಲ್ಲಿ ಅಷ್ಟು ದಣಿದಿರಲಿಲ್ಲ. ಕಂಪೌಂಡರು ಇವರ ಗುಡ್ಡದ ಸವಾರಿಯ ವಿಷಯವನ್ನು ಇಲ್ಲಿಗೂ ಮುಟ್ಟಿಸಿದ್ದಾರಲ್ಲ ಎಂದು ಮೊದಲು ಹೆಮ್ಮೆಯಾಯಿತು. ಎದ್ದು ನಿಲ್ಲುವ ಸಾಹಸ ಬಯಸಿದವನಿಗೆ ಕುರ್ಚಿಯೇ ಬಂತಲ್ಲ ಎಂದು ಸಮಾಧಾನವೂ ಆಯಿತು. ಆದರೆ ಒಂದು ದಿನ, ಎರಡು ದಿನ ಕಳೆದಂತೆ, ಮಂಚದಿಂದ ಬರುವ ಗೊರಕೆಯನ್ನೂ, ಅದರ ನಡುನಡುವೆ ತೊದಲುವ 'ಪಾಸು, ಪಾಸು' ಎಂಬ ಮಾತನ್ನೂ ಕೇಳುತ್ತ ಅವರ ಬೆನ್ನು ನೋಯತೊಡಗಿತು. ಬೆನ್ನಿಗೆ ಕೆಲಸವಿಲ್ಲದಿದ್ದರೆ ಅದೂ ಮನುಷ್ಯನಂತೆಯೇ ಕೊರಗುತ್ತದೆ.

ಶನಿವಾರ ಸಂಜೆ ಮ್ಯಾನೇಜರು ಹೇಳಿದರು: "ಸೋಮವಾರದಿಂದ ಮಂಚ ಖಾಯಂ ಗೊರಕೆಯವರಿಗೇ ಕೊಡೋಣ ಅಂತಿದೀನಿ. ಬೇಜಾರು ಮಾಡ್ಕೋಬೇಡಿ. ನಿಮ್ಮ ದೇಹ ಈಗ ಆ ಕೆಲಸಕ್ಕಿಲ್ಲ."

ಪರೀಕ್ಷಕರ ಕಾಲ ಕೆಳಗಿನ ನೆಲ ಕುಸಿಯಿತು. ಮಲಗೋ ಭಾವ ಎಂಬ ಹೆಸರು ಹೋಗಬೇಕೆಂದು ಅವರು ಬಯಸಿದ್ದು ನಿಜ. ಮಲಗುವ ಜಾಗವೇ ಹೋಗಲಿ ಎಂದು ಬಯಸಿರಲಿಲ್ಲ. ಇಷ್ಟು ವರ್ಷ ಊರಿನ ಅರ್ಧ ಜನ ತಮ್ಮ ಬೆನ್ನು ಒಪ್ಪಿದ ಹಾಸಿಗೆಯ ಮೇಲೆ ನಿದ್ದೆಮಾಡುತ್ತಿದ್ದಾರೆ ಎಂಬ ಒಂದು ಗುಟ್ಟಿನ ಜಂಬ ಅವರಿಗಿತ್ತು. ಅದೇ ಈಗ ಗೊರಕೆಯ ಪಾಲು.

"ನನ್ನ ದೇಹಕ್ಕೇನಾಗಿದೆ ಸಾರ್?" ಎಂದರು, ಕುರ್ಚಿಯಿಂದ ಎದ್ದು. "ನಾಳೆ ಬೆಳಿಗ್ಗೆ ಗುಡ್ಡದ ಬುಡಕ್ಕೆ ಬನ್ನಿ. ನಾನು ಹತ್ತೋದನ್ನ ನಿಮ್ಮ ಕಣ್ಣಿಂದಲೇ ನೋಡಿ. ಅದಾದ್ಮೇಲೆ ಮಂಚ ಯಾರಿಗೆ ಅಂತ ಹೇಳಿ."

ಮ್ಯಾನೇಜರು ಇದು ಕೊನೆಯ ಆಸೆಯಲ್ಲದೆ ಮತ್ತೇನು ಎಂದುಕೊಂಡು, "ಖಂಡಿತ ಬರ್ತೀನಿ," ಎಂದರು.

ಭಾನುವಾರ ಗುಡ್ಡದ ಬುಡದಲ್ಲಿ ಒಂದು ಸಣ್ಣ ಜಾತ್ರೆಯೇ ಸೇರಿತ್ತು. ಕಾರ್ಖಾನೆಯ ವ್ಯಾನು ನಿಂತಿತ್ತು. ಅದರಲ್ಲಿ ಮ್ಯಾನೇಜರು, ಚಾಲಕ, ಮತ್ತು ಏನಾದರೂ ಆದರೆ ಹೊತ್ತು ತರಲು ಅನುಕೂಲವಾಗಲೆಂದು ಹೊಚ್ಚಹೊಸ ಹಾಸಿಗೆ. ವ್ಯಾನಿನ ಮುಂದಿನ ಸೀಟಿನಲ್ಲಿ ಹಳೆಯ ಔಷಧಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಂಪೌಂಡರು. ಹಿಂದೆ ಹೆಂಡತಿ. ಅವಳನ್ನು ಕಂಡು ಪರೀಕ್ಷಕರು ಬಿಚ್ಚಲು ಹೊರಟಿದ್ದ ಕೋಟಿನ ಗುಂಡಿಯನ್ನು ಮತ್ತೆ ಹಾಕಿಕೊಂಡರು. ಇಷ್ಟು ಜನ ಬಂದದ್ದು ಅವರಿಗೆ ಅತಿ ಎನ್ನಿಸಲಿಲ್ಲ. ಮೊದಲ ಸವಾರಿಗೆ ಜನ ಬಂದೇ ಬರುತ್ತಾರೆ.

ಭಾಮೈದನಿಗೆ ಅಕ್ಕ ಫೋನಿನಲ್ಲಿ ಹೇಳಿದ್ದು, 'ಭಾವನಿಗೆ ಹುಷಾರಿಲ್ಲ, ಭಾರಿ ಕಾಯಿಲೆ, ಗೊತ್ತಿದೆ ಅಂತ ತೋರಿಸ್ಕೋಬೇಡ' ಎಂದಷ್ಟೇ. ಅಷ್ಟಕ್ಕೇ ಅವನು ಬ್ಯಾಗಿನ ಸವಾಲು, ತಮಾಷೆ ಎಲ್ಲ ಮರೆತಿದ್ದ.

"ಭಾವ, ನಿಮ್ಮನ್ನ ನಾನು ಏನೇನೋ ಅಂದಿದೀನಿ. ಮನಸ್ಸಲ್ಲಿ ಇಟ್ಕೋಬೇಡಿ."

"ಬಿಡೋ, ಈಗ ನಡಿ."

"ಹಿಂದಿನಿಂದ ತಳ್ತೀನಿ ಭಾವ."

"ತಳ್ಳಿದ್ರೆ ಜೋಕೆ."

ಪರೀಕ್ಷಕರು ಪೆಡಲ್ ತುಳಿದರು. ಹತ್ತುವಾಗ ಎದೆ ಬಾಯಿಗೆ ಬರುತ್ತದೆಂದು ಭಾಮೈದ ಹೇಳಿದ್ದು ಸುಳ್ಳು. ಅವರಿಗೆ ಎದೆಯ ಜೊತೆ ಹೊಟ್ಟೆಯೂ ಬಾಯಿಗೆ ಬಂತು. ಮಂಚ, ಮಂಚ ಎಂದು ಜಪಿಸುತ್ತ ತುಳಿದರು. ಕತ್ತು ಓರೆ ಮಾಡಿ ಒಂದು ಗುಟುಕು ಎಳೆದರು. ನೀರು ತಣ್ಣಗೆ ಇಳಿಯಿತು. ಮತ್ತೆ ತುಳಿದರು. ಹಿಂದೆ ಭಾಮೈದ ಬಿಕ್ಕುತ್ತ ಬರುತ್ತಿದ್ದ. ದಮ್ಮು ಕಟ್ಟಿರಬೇಕು, ಹುಡುಗರಿಗೆ ಶಕ್ತಿಯಿಲ್ಲ ಎಂದುಕೊಂಡರು. ಮೊದಲ ತಿರುವಿನ ಬಂಡೆಯವರೆಗೆ, ಇಳಿಯದೆ, ಯಾರ ಕೈ ತಾಗದೆ, ನಿಜವಾಗಿಯೂ ಹತ್ತಿದರು. ಕೆಳಗೆ ವ್ಯಾನು ಬೆಂಕಿಪೆಟ್ಟಿಗೆಯಷ್ಟಾಗಿ ಕಂಡಿತು. ಅದರ ಪಕ್ಕದ ಚುಕ್ಕೆಗಳಿಗೆ ಕೈ ಬೀಸಿದರು.

ಕೈ ಬೀಸಲು ಹ್ಯಾಂಡಲ್ ಬಿಡಬೇಕಾಗುತ್ತದೆ. ಅಲ್ಲೇ ತಪ್ಪಾದದ್ದು.

ಸೈಕಲ್ಲು ತನಗೆ ತಿಳಿದ ದಾರಿ ಹಿಡಿದು ಇಳಿಯಿತು. ಸ್ವಲ್ಪ ದೂರ ಪರೀಕ್ಷಕರನ್ನೂ ಜೊತೆಗೆ ಕರೆದೊಯ್ದು, ಒಂದು ಕಲ್ಲು ಸಿಕ್ಕಿದ್ದೇ ನೆಪವಾಗಿ ಅವರನ್ನು ಕೈಬಿಟ್ಟಿತು. ಅವರು ಹಿಂದಕ್ಕೆ ಬಿದ್ದು, ಬೆನ್ನ ಮೇಲೆ ಜಾರಿ, ಒಣಹುಲ್ಲಿನ ಇಳಿಜಾರಿನಲ್ಲಿ ದೋಣಿಯಂತೆ ತೇಲಿ, ಒಂದು ಪೊದೆಯ ಬುಡದಲ್ಲಿ ನಿಂತರು. ಮೇಲೆ ನೀಲಿ ಆಕಾಶ. ಗಾಳಿ. ಅಂಗಾತ ಮಲಗಿದ್ದಾರೆ. ಎಷ್ಟೋ ದಿನಗಳ ಮೇಲೆ ಅವರ ಬೆನ್ನಿಗೆ ಕೆಲಸ ಸಿಕ್ಕಿತ್ತು.

ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಬೆನ್ನಿನಿಂದ ಕೇಳಿಸಿಕೊಂಡರು. ಬಕಲ್ ಚುಚ್ಚಲಿಲ್ಲ. ಸ್ಪಂಜು ಮೂಳೆಗಳನ್ನೆಲ್ಲ ಹೆಸರು ಹಿಡಿದು ಕರೆದು ಕೂರಿಸಿಕೊಂಡಿತ್ತು. ನೀರಿನ ಚೀಲ ಮೆಲ್ಲಗೆ ತೊಟ್ಟಿಲು ತೂಗುತ್ತಿತ್ತು. ಎಲ್ಲೂ ಒದ್ದೆಯಿಲ್ಲ.

ಅಷ್ಟರಲ್ಲಿ ದಡದಡ ಹೆಜ್ಜೆಗಳು ಬಂದವು. "ರೀ, ಕಣ್ಣು ಬಿಡ್ರಿ," ಎಂದಿತು ಹೆಂಡತಿಯ ಧ್ವನಿ. "ನಾಡಿ ಕುದುರೆ ಥರ ಓಡ್ತಿದೆ," ಎಂದಿತು ಕಂಪೌಂಡರ ಧ್ವನಿ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಪರೀಕ್ಷಕರು ಬೆರಳೆತ್ತಿದರು.

"ಮೇಲೆ ತೋರಿಸ್ತಿದ್ದಾರೆ," ಎಂದರು ಕಂಪೌಂಡರು, ಕನ್ನಡಕ ತೆಗೆದು. "ಅಂದೂ ಹೀಗೇ ತೋರಿಸಿದ್ರು."

"ಶ್," ಎಂದರು ಮ್ಯಾನೇಜರು. ಅವರೂ ಚಾಲಕನೂ ಅಷ್ಟರಲ್ಲೇ ತುಟಿ ಬಿಗಿದು ನಿಂತಿದ್ದರು. "ಅದು ಹೋಗೋ ಬೆರಳಲ್ಲ. ಪರೀಕ್ಷೆ ನಡೀತಿದೆ."

ಬೆರಳು ಇಳಿಯಿತು. ಕಣ್ಣು ತೆರೆಯಿತು. "ಪಾಸು," ಎಂದರು ಪರೀಕ್ಷಕರು.

"ಭ್ರಮೆ," ಎಂದರು ಕಂಪೌಂಡರು. "ಹಾಸಿಗೆ ತನ್ನಿ. ನಾನು ಮೊದಲು ಪೈಪು ನೋಡ್ತೀನಿ." ಕೋಟು ಬಿಚ್ಚಿ ಪೈಪಿನ ಬೆನ್ನು ಹತ್ತಿದರು. ಕುತ್ತಿಗೆ ಬಳಸಿ, ಹೆಗಲು ದಾಟಿ, ಪೈಪು ಎಲ್ಲಿ ದೇಹದೊಳಗೆ ಹೋಗಬೇಕಿತ್ತೋ ಅಲ್ಲಿ ದೇಹದೊಳಗೆ ಹೋಗದೆ, ಮಣ್ಣಿನ ಬಣ್ಣದ ಒಂದು ಬ್ಯಾಗಿನೊಳಗೆ ಹೋಯಿತು. ಕಂಪೌಂಡರು ಮೂತಿಯನ್ನು ಮೂಸಿದರು. ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಏನ್ ಔಷಧಿ?" ಎಂದಳು ಹೆಂಡತಿ.

"ನೀರು," ಎಂದರು ಕಂಪೌಂಡರು, ಇನ್ನೊಂದು ಹನಿ ನೆಕ್ಕಿ ನೋಡಿ.

"ಅಯ್ಯೋ, ಇದು ನೀರಿನ ಬ್ಯಾಗು ಅಕ್ಕ," ಎಂದ ಭಾಮೈದ, ಕಣ್ಣೀರಿನ ನಡುವೆಯೇ ನಗು ಬಂದು. "ಸೈಕಲ್ಲಿನೋರು ಹಾಕ್ಕೊಳ್ಳೋದು. ಭಾವ ಅವತ್ತೇ ಹೇಳಿದ್ರು. ನಾನೇ ತರೋಕೆ ಹೇಳಿದ್ದೆ."

"ಹಾಗಾದ್ರೆ ಪೇಟೆಯಲ್ಲಿ ಬಿದ್ದಿದ್ದು?"

"ಬಿದ್ದಿರ್ಲಿಲ್ಲ. ಮಲಗಿ ನೋಡ್ತಿದ್ದೆ," ಎಂದರು ಪರೀಕ್ಷಕರು. ಎಲ್ಲರೂ ಕಂಪೌಂಡರ ಕಡೆ ತಿರುಗಿದರು.

"ನಾನು ಡಾಕ್ಟರಲ್ಲ," ಎಂದರು ಕಂಪೌಂಡರು.

"ಅದು ಇವತ್ತು ಗೊತ್ತಾಯ್ತು," ಎಂದಳು ಹೆಂಡತಿ.

ಇಷ್ಟರಲ್ಲಿ ಚಾಲಕ, ಹೇಳಿದ ಕೆಲಸ ಮಾಡಿ ಮುಗಿಸುವ ಸ್ವಭಾವದವನು, ಹಾಸಿಗೆಯನ್ನು ಎಳೆದು ತಂದು ಪರೀಕ್ಷಕರನ್ನು ಅದರ ಮೇಲೆ ಉರುಳಿಸಿಯೇಬಿಟ್ಟ. ಉರುಳಿದ ಕ್ಷಣವೇ ಪರೀಕ್ಷಕರ ಹುಬ್ಬು ಗಂಟಾಯಿತು. ಬೆರಳು ಮತ್ತೆ ಎದ್ದಿತು. ಗುಡ್ಡವೇ ಸುಮ್ಮನಾಯಿತು.

"ಎಡ ಸೊಂಟದ ಕೆಳಗೆ ಸ್ಪ್ರಿಂಗ್ ಸಡಿಲ," ಎಂದರು. "ಅಂಚಿನಲ್ಲಿ ಸ್ಪಂಜು ತೆಳು. ಇದನ್ನ ಪಾಸು ಮಾಡಿದ್ದು ಯಾರು?"

ಮ್ಯಾನೇಜರು ಮೊಣಕಾಲೂರಿ ಎಡಸೊಂಟದ ಜಾಗಕ್ಕೆ ಕೈ ಒತ್ತಿದರು. ಹಾಸಿಗೆ 'ಕ್ರೀಕ್' ಎಂದಿತು. ಅವರ ಮುಖದಲ್ಲಿ ಗೊರಕೆ ಈ ವಾರ ತೊದಲಿದ ಪಾಸುಗಳೆಲ್ಲ ಸಾಲಾಗಿ ಹಾದುಹೋದವು. "ಸೋಮವಾರ ಬೇಗ ಬಂದು ಮಲ್ಕೊಳ್ಳಿ," ಎಂದರು. "ಬಹಳ ಕೆಲಸ ಇದೆ."

"ಆ ಕುರ್ಚಿ ಸಾರ್?"

"ಅದನ್ನ ಗೊರಕೆಗೆ ಕೊಡೋಣ. ಕೂತ್ಕೊಂಡೂ ನಿದ್ದೆ ಬರತ್ತಾ ನೋಡೋಣ."

ವ್ಯಾನಿನಲ್ಲಿ ಜಾಗವಿತ್ತು. ಆದರೆ ಹೆಂಡತಿ ನಡೆದೇ ಬರುತ್ತೇನೆ ಎಂದಳು. ಪರೀಕ್ಷಕರು ಸೈಕಲ್ಲನ್ನು ಭಾಮೈದನಿಗೆ ಒಪ್ಪಿಸಿ, ಬ್ಯಾಗನ್ನು ಈಗ ಕೋಟಿನ ಮೇಲೆಯೇ ರಾಜಾರೋಷವಾಗಿ ಹಾಕಿಕೊಂಡು ಅವಳ ಪಕ್ಕ ಹೆಜ್ಜೆ ಹಾಕಿದರು.

ವ್ಯಾನು ತಿರುವಿನಲ್ಲಿ ಮರೆಯಾಯಿತು.

"ಒಂದು ವಾರ," ಎಂದಳು ಆಮೇಲೆ. "ಒಂದು ವಾರ ನಾನು ನಿಮಗೆ ಒಂದು ಮಾತು ಬೈದಿಲ್ಲ. ಗೊತ್ತಾ?"

"ಗೊತ್ತು. ಆರಾಮಾಗಿತ್ತು."

"ಆ ಟವಲ್ಲು. ಆ ದೀಪ. ನಿಮ್ಮ ಬೂಟು ಹೊಸ್ತಿಲ ಮೇಲೆ, ನಾನು ಎಡವಿದೆ, ಎಡವಿ ಸುಮ್ನಿದ್ದೆ. ಉಪ್ಪಿಲ್ಲದ ತರಕಾರಿ ನಿಮಗೊಬ್ಬರಿಗೇ ಹಾಕೋಕೆ ಮನಸ್ಸು ಬರದೆ ನಾನೂ ಅದನ್ನೇ ತಿಂದೆ. ಇಡೀ ರಾತ್ರಿ ನೀವು ಉಸಿರಾಡ್ತಿದೀರಾ ಅಂತ ನೋಡ್ತಾ ಕೂತಿರ್ತಿದ್ದೆ. ನೀವು ನೋಡಿದ್ರೆ ಬ್ಯಾಗು ಬಚ್ಚಿಟ್ಕೊಂಡು ಮಲಗಿದ್ರಿ. ನನ್ನ ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿದ್ದೆ."

"ಅಂತಿದ್ದೆ. ಅದಕ್ಕೆ ಹೇಳ್ಬಾರ್ದಾ?"

ಪರೀಕ್ಷಕರು ಬ್ಯಾಗಿನ ಪಟ್ಟಿ ಸರಿಪಡಿಸಿಕೊಂಡರು. ಆ ಧ್ವನಿ ಕಿವಿಗೆ ಬೀಳುತ್ತಿದ್ದಂತೆ ಅವರ ಮೈಯೆಲ್ಲ ಹಗುರಾಗುತ್ತಿತ್ತು. ವಾರವಿಡೀ ಮನೆಯಲ್ಲಿ ಏನೋ ಒಂದು ಕೆಟ್ಟು ನಿಂತ ಹಾಗಿತ್ತು, ಅದು ಈಗ ಮತ್ತೆ ಓಡಲು ಶುರುವಾಗಿತ್ತು. ಹೆಂಡತಿ ಟವಲ್ಲಿನಿಂದ ಬೂಟಿಗೆ, ಬೂಟಿನಿಂದ ತಮ್ಮನ ಬುದ್ಧಿಗೆ, ಅಲ್ಲಿಂದ ಕಂಪೌಂಡರ ಕನ್ನಡಕಕ್ಕೆ ಬಂದಳು. ನಡುವೆ ಒಮ್ಮೆ ನಿಂತು, ಬೈಯುತ್ತಲೇ, ಬ್ಯಾಗಿನ ಪಟ್ಟಿಯ ಬುಡ ತಿರುಗಿಸಿ ಉಗುರಿನಿಂದ ಕೆರೆದು ನೋಡಿದಳು. ಅಷ್ಟು ದೂರ ಜಾರಿದರೂ ಒಂದು ಎಳೆ ಬಿಟ್ಟಿರಲಿಲ್ಲ. ಏನೂ ಹೇಳದೆ ಮತ್ತೆ ಬೈಗುಳಕ್ಕೆ ಮರಳಿದಳು. ಅದನ್ನು ಪಾಸು ಎಂದು ಪರೀಕ್ಷಕರು ಭಾವಿಸಿಕೊಂಡರು.

ಬಿಸಿಲೇರಿತ್ತು. ಪೇಟೆಯ ಹತ್ತಿರ ಬರುವ ಹೊತ್ತಿಗೆ ಅವಳ ಗಂಟಲು ಒಣಗಿ ಒಂದು ವಾಕ್ಯ ಅರ್ಧಕ್ಕೆ ನಿಂತಿತು. ಪರೀಕ್ಷಕರು ಮಾತಿಲ್ಲದೆ ಪೈಪಿನ ಮೂತಿಯನ್ನು ಅವಳ ಕಡೆ ಚಾಚಿದರು. ಅವಳು ಗುರಾಯಿಸಿದಳು. ಆಮೇಲೆ ಕಚ್ಚಿದಳು. ಒಂದು ಗುಟುಕು, ಎರಡು ಗುಟುಕು, ಕಣ್ಣು ಮುಚ್ಚಿ ದೀರ್ಘವಾಗಿ ಇನ್ನೊಂದು. ಬಾಯಿ ಒರೆಸಿಕೊಂಡು, ನಿಂತಿದ್ದ ವಾಕ್ಯವನ್ನು ನಿಂತ ಜಾಗದಿಂದಲೇ ಎತ್ತಿಕೊಂಡು ಮುಂದುವರಿಸಿದಳು. ಹೀಗೆ ಇಬ್ಬರೂ ಒಂದೇ ಪೈಪಿಗೆ ಕಟ್ಟಿದವರಂತೆ, ಅವಳು ಬೈಯುತ್ತ ಕುಡಿಯುತ್ತ, ಅವರು ಕೇಳುತ್ತ ಹೊರುತ್ತ, ನಗುನಗುತ್ತ ನಡೆದರು. ಮೂಲೆಮನೆಯ ಅಜ್ಜಿ ಗಂಡಹೆಂಡಿರಿಬ್ಬರಿಗೂ ಒಂದೇ ಪೈಪು ಕಂಡು, ಈ ಸಲ ಎರಡು ಸೇಬು ತರಲು ಒಳಗೆ ಓಡಿದಳು.

ಮನೆಯ ಗೇಟು ಇನ್ನೂ ನಾಲ್ಕು ಮನೆ ಆಚೆಗಿರುವಾಗ ಪೈಪು 'ಸುರ್' ಎಂದಿತು. ಹೆಂಡತಿ ಮತ್ತೊಮ್ಮೆ ಎಳೆದು ನೋಡಿದಳು. ಬರೀ ಗಾಳಿ. ಮೂತಿಯನ್ನು ಬಾಯಿಂದ ತೆಗೆದು, ಬ್ಯಾಗಿನ ಹೊಟ್ಟೆಯನ್ನು ಹಿಂದಿನಿಂದ ಒತ್ತಿ ನೋಡಿ, ಹೇಳಲು ಇನ್ನೂ ಎಷ್ಟೋ ಉಳಿದಿರುವವಳ ಬೇಸರದಲ್ಲಿ ಕೇಳಿದಳು:

"ಇದರಲ್ಲಿ ದೊಡ್ಡ ಸೈಜು ಇರ್ಲಿಲ್ವೇನ್ರೀ?"

ಕ್ಷೌರಿಕ ಹರಿದುಕೊಂಡ ಅರ್ಧ ಪುಟದಲ್ಲಿದ್ದ ಆ ಅತಿ ಮುಖ್ಯ ವಿಷಯ ಏನೆಂದು ಪರೀಕ್ಷಕರಿಗೆ ಆಗ ಹೊಳೆಯಿತು.